ಕ್ರೋಶಾ ಹೆಣಿಗೆ

ಕ್ರೋಶಾ ಹೆಣಿಗೆಯು ತುದಿಯಲ್ಲಿ ಕೊಕ್ಕೆಯುಳ್ಳ ಒಂದೇ ಕಡ್ಡಿಯಿಂದ ನೂಲನ್ನು ಕುಣಿಕೆಗಳಾಗಿ ಎಳೆದು, ಒಂದರೊಳಗೊಂದನ್ನು ಸೇರಿಸಿ ವಸ್ತುಗಳನ್ನು ರೂಪಿಸುವ ಒಂದು ಕೈಕಸುಬು. ಕನ್ನಡದಲ್ಲಿ ಇದನ್ನು ಕ್ರೋಶೆ, ಕ್ರೋಷಾ, ಕೊಕ್ಕೆ ಹೆಣಿಗೆ ಎಂದೂ ಕರೆಯುವುದುಂಟು. ಮಕ್ಕಳ ಟೋಪಿ, ಕಾಲುಚೀಲ, ಶಾಲು, ಕಂಬಳಿ, ಮೇಜಿನ ಹೊದಿಕೆ, ಬಾಗಿಲ ತೋರಣ, ಗೊಂಬೆ ಮೊದಲಾದವು ಈ ವಿಧಾನದಲ್ಲಿ ಸಿದ್ಧವಾಗುತ್ತವೆ. ಕಡಿಮೆ ಸಲಕರಣೆ ಸಾಕಾಗುವುದರಿಂದಲೂ ಬಿಡುವಿನ ವೇಳೆಯಲ್ಲಿ ತುಸುತುಸುವೇ ಮುಂದುವರಿಸಬಹುದಾದುದರಿಂದಲೂ ಇದು ಮನೆಯವರಿಗಾಗಿ ಮತ್ತು ದಾನಕ್ಕಾಗಿ ಮಾಡುವ ಹೆಣಿಗೆಯಾಗಿ ಜಗತ್ತಿನ ಅನೇಕ ಭಾಗಗಳಲ್ಲಿ ಬೇರೂರಿದೆ.

ಹೆಸರು ಮತ್ತು ಸ್ವರೂಪ

‘ಕ್ರೋಶೆ’ ಎಂಬುದು ಫ್ರೆಂಚ್ ಪದ. ‘ಚಿಕ್ಕ ಕೊಕ್ಕೆ’ ಎಂಬುದು ಅದರ ಅರ್ಥ. ಕನ್ನಡದ ಮಾತಿನಲ್ಲಿ ಉಣ್ಣೆಯ ಕೈಕೆಲಸಗಳನ್ನೆಲ್ಲ ಒಟ್ಟಾಗಿ ‘ಹೆಣಿಗೆ’ ಎನ್ನುವ ರೂಢಿಯಿದ್ದರೂ, ಎರಡು ಕಡ್ಡಿಗಳ ಹೆಣಿಗೆಗೂ ಕ್ರೋಶಾಕ್ಕೂ ಮೂಲಭೂತ ವ್ಯತ್ಯಾಸವಿದೆ. ಎರಡು ಕಡ್ಡಿಗಳ ಹೆಣಿಗೆಯಲ್ಲಿ ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ತೆರೆದೇ ಇರುತ್ತವೆ. ಒಂದು ಜಾರಿದರೆ ಕೆಳಗಿನ ಸಾಲುಗಳೂ ಬಿಚ್ಚಿಕೊಳ್ಳಬಹುದು. ಕ್ರೋಶಾದಲ್ಲಿ ಪ್ರತಿ ಹೊಲಿಗೆಯೂ ಮುಗಿದ ಬಳಿಕವೇ ಮುಂದಿನದು ಆರಂಭವಾಗುವುದರಿಂದ ಕಡ್ಡಿಯ ಮೇಲೆ ಸಾಮಾನ್ಯವಾಗಿ ಒಂದೇ ಕುಣಿಕೆ ಉಳಿಯುತ್ತದೆ. ಆದುದರಿಂದ ಕೆಲಸವನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು, ತಪ್ಪಿದಲ್ಲಿ ಅಷ್ಟನ್ನೇ ಬಿಚ್ಚಿ ಸರಿಪಡಿಸಬಹುದು. ಉತ್ತರ ಕರ್ನಾಟಕದ ಕಸೂತಿಯು ಬಟ್ಟೆಯ ಮೇಲೆ ಸೂಜಿಯಿಂದ ಮಾಡುವ ಕಲೆಯಾಗಿದ್ದು, ಕ್ರೋಶಾಕ್ಕಿಂತ ಭಿನ್ನವಾದುದು. ಕ್ರೋಶಾಕ್ಕೆ ಆಧಾರವಸ್ತ್ರದ ಅಗತ್ಯವಿಲ್ಲ.

ಇತಿಹಾಸ

ಕ್ರೋಶಾದ ಮೂಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಕೊಕ್ಕೆಯಿಂದ ಸರಪಳಿ ಹೊಲಿಗೆ ಹಾಕುವ ಏಷ್ಯಾದ ಕಸೂತಿಯು 18ನೆಯ ಶತಮಾನದಲ್ಲಿ ಯುರೋಪನ್ನು ತಲುಪಿ, ಅಲ್ಲಿ ಬಟ್ಟೆಯನ್ನು ಬಿಟ್ಟು ಬರಿಯ ನೂಲಿನ ಹೆಣಿಗೆಯಾಗಿ ಮಾರ್ಪಟ್ಟಿತೆಂಬುದು ಒಂದು ಪ್ರಮುಖ ಅಭಿಪ್ರಾಯ. ಕ್ರೋಶಾ ಮಾದರಿಗಳು ಮುದ್ರಣದಲ್ಲಿ ಕಾಣಿಸಿಕೊಳ್ಳುವುದು 19ನೆಯ ಶತಮಾನದ ಮೊದಲ ದಶಕಗಳಲ್ಲಿ. ಡಚ್ ಭಾಷೆಯ ‘ಪೆನೆಲೋಪೆ’ ಪತ್ರಿಕೆಯು 1823ರಲ್ಲಿ ಅಂಥ ಮಾದರಿಗಳನ್ನು ಪ್ರಕಟಿಸಿತ್ತು.

ಈ ಕಸುಬು ಪರೋಪಕಾರದೊಂದಿಗೆ ಬೆಸೆದುಕೊಂಡ ಪ್ರಸಿದ್ಧ ನಿದರ್ಶನ ಐರ್ಲೆಂಡಿನದು. 1845ರಿಂದ ಆಲೂಗಡ್ಡೆ ಬೆಳೆಯು ರೋಗಕ್ಕೆ ತುತ್ತಾಗಿ ಭೀಕರ ಕ್ಷಾಮ ತಲೆದೋರಿದಾಗ, ಕಾನ್ವೆಂಟುಗಳೂ ಉದಾರಿಗಳಾದ ಮಹಿಳೆಯರೂ ಹಳ್ಳಿಯ ಹೆಂಗಸರಿಗೆ ಕ್ರೋಶಾ ಲೇಸನ್ನು ಕಲಿಸಿ, ಅದರ ಮಾರಾಟದಿಂದ ಕುಟುಂಬಗಳು ಬದುಕುಳಿಯಲು ನೆರವಾದರು. ಕಾರ್ಕ್ ಮತ್ತು ಮೊನಾಹನ್ ಪ್ರಾಂತದ ಕ್ಲೋನ್ಸ್ ಊರು ಇದರ ಮುಖ್ಯ ಕೇಂದ್ರಗಳಾಗಿದ್ದವು. ಹೂವು, ಎಲೆಗಳನ್ನು ಬಿಡಿಬಿಡಿಯಾಗಿ ಹೆಣೆದು ಬಳಿಕ ಜಾಲದಿಂದ ಕೂಡಿಸುವ ಐರಿಷ್ ಪದ್ಧತಿಯಲ್ಲಿ ಒಂದೇ ವಸ್ತುವಿನ ಕೆಲಸವನ್ನು ಹಲವರು ಹಂಚಿಕೊಳ್ಳಬಹುದಾಗಿತ್ತು.

ಭಾರತದಲ್ಲಿ ಆಂಧ್ರಪ್ರದೇಶದ ಗೋದಾವರಿ ತೀರದ ನರಸಾಪುರ ಪ್ರದೇಶವು ಕ್ರೋಶಾ ಲೇಸಿಗೆ ಹೆಸರಾಗಿದೆ. 19ನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳ ಮೂಲಕ ಇದು ಅಲ್ಲಿ ಹರಡಿತು. ಈ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಸಲಕರಣೆಗಳು

ಕಡ್ಡಿಯ ಗಾತ್ರವನ್ನು ಮಿಲಿಮೀಟರುಗಳಲ್ಲಿ ಗುರುತಿಸಲಾಗುತ್ತದೆ. ತೆಳುವಾದ ಹತ್ತಿ ದಾರಕ್ಕೆ 1ರಿಂದ 2 ಮಿ.ಮೀ.ನ ಉಕ್ಕಿನ ಕಡ್ಡಿಯನ್ನೂ, ಸಾಧಾರಣ ಉಣ್ಣೆಯ ನೂಲಿಗೆ 3.5ರಿಂದ 5 ಮಿ.ಮೀ.ನ ಅಲ್ಯೂಮಿನಿಯಂ, ಪ್ಲಾಸ್ಟಿಕ್ ಅಥವಾ ಮರದ ಕಡ್ಡಿಯನ್ನೂ ಬಳಸುವರು. ಇದಲ್ಲದೆ ಬೇಕಾದುದು ಕತ್ತರಿ, ಅಳತೆಪಟ್ಟಿ ಮತ್ತು ನೂಲಿನ ತುದಿಗಳನ್ನು ಒಳಗೆ ಹುದುಗಿಸಲು ದೊಡ್ಡ ಕಣ್ಣಿನ ಮೊಂಡು ಸೂಜಿ.

ನೂಲಿನ ಆಯ್ಕೆಯು ವಸ್ತುವಿನ ಉಪಯೋಗವನ್ನು ಅವಲಂಬಿಸಿದೆ. ಹತ್ತಿಯು ಬೆವರನ್ನು ಹೀರುತ್ತದೆ, ಬಿಸಿನೀರಿನ ಒಗೆತವನ್ನು ತಾಳುತ್ತದೆ. ಕುರಿಯ ಉಣ್ಣೆಯು ಬೆಚ್ಚಗಿದ್ದರೂ ಕೆಲವರ ಚರ್ಮಕ್ಕೆ ತುರಿಕೆಯುಂಟುಮಾಡಬಹುದು. ಬಿಸಿನೀರಿನಲ್ಲಿ ತಿಕ್ಕಿದರೆ ಕುಗ್ಗಿ ಗಟ್ಟಿಯಾಗುತ್ತದೆ. ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಮಾರುವ ನೂಲಿನಲ್ಲಿ ಹೆಚ್ಚಿನ ಪಾಲು ಅಕ್ರಿಲಿಕ್. ಅದು ಅಗ್ಗವಾಗಿದ್ದು ಒಗೆಯಲು ಸುಲಭ, ಆದರೆ ಕಾದ ಇಸ್ತ್ರಿಪೆಟ್ಟಿಗೆ ತಗುಲಿದರೆ ಶಾಶ್ವತವಾಗಿ ಜೋಲಾಗುತ್ತದೆ.

ಮೂಲ ಹೊಲಿಗೆಗಳು

ಹೆಚ್ಚಿನ ಮಾದರಿಗಳು ಕೆಲವೇ ಹೊಲಿಗೆಗಳ ಸಂಯೋಜನೆಗಳು. ಕುಣಿಕೆಯಿಂದ ಕುಣಿಕೆಯನ್ನು ಎಳೆಯುತ್ತ ಹೋದರೆ ‘ಸರಪಳಿ’ಯಾಗುತ್ತದೆ, ಇದೇ ಬಹುತೇಕ ಕೆಲಸಗಳ ಅಡಿಪಾಯ. ಕೆಳಗಿನ ಸಾಲಿನಲ್ಲಿ ಕಡ್ಡಿ ತೂರಿಸಿ, ನೂಲೆಳೆದು, ಕಡ್ಡಿಯ ಮೇಲಿನ ಎರಡು ಕುಣಿಕೆಗಳನ್ನು ಒಂದಾಗಿಸಿದರೆ ‘ಗಿಡ್ಡ ಕಂಬ’. ತೂರಿಸುವ ಮುನ್ನ ಕಡ್ಡಿಗೆ ನೂಲನ್ನೊಮ್ಮೆ ಸುತ್ತಿಕೊಂಡು, ಕುಣಿಕೆಗಳನ್ನು ಎರಡೆರಡಾಗಿ ಎರಡು ಬಾರಿ ಬಿಡಿಸಿದರೆ ‘ಉದ್ದ ಕಂಬ’. ಮುದ್ರಿತ ಮಾದರಿಗಳನ್ನು ಅನುಸರಿಸುವವರು ಒಂದು ಸಂಗತಿಯನ್ನು ಗಮನಿಸಬೇಕು: ಅಮೆರಿಕದ ಪುಸ್ತಕಗಳು ‘ಸಿಂಗಲ್ ಕ್ರೋಶೆ’ ಎನ್ನುವ ಹೊಲಿಗೆಯನ್ನೇ ಬ್ರಿಟಿಷ್ ಪುಸ್ತಕಗಳು ‘ಡಬಲ್ ಕ್ರೋಶೆ’ ಎನ್ನುತ್ತವೆ. ಇದನ್ನರಿಯದೆ ಹೆಣೆದರೆ ವಸ್ತುವಿನ ಅಳತೆಯೇ ಬದಲಾಗುತ್ತದೆ.

ವೃತ್ತಾಕಾರದ ಹೆಣಿಗೆಗೆ ಸರಳವಾದೊಂದು ಗಣಿತವಿದೆ. ಗಿಡ್ಡ ಕಂಬದ ಎತ್ತರವೂ ಅಗಲವೂ ಹೆಚ್ಚುಕಡಿಮೆ ಸಮ. ತ್ರಿಜ್ಯವು ಒಂದು ಸಾಲಿನಷ್ಟು ಬೆಳೆದಾಗ ಪರಿಧಿಯು ಅದರ 6.28ರಷ್ಟು ಬೆಳೆಯುವುದರಿಂದ, ಪ್ರತಿ ಸುತ್ತಿಗೂ 6 ಹೊಲಿಗೆಗಳನ್ನು ಹೆಚ್ಚಿಸಿದರೆ ವೃತ್ತವು ಚಪ್ಪಟೆಯಾಗಿ ಉಳಿಯುತ್ತದೆ. ಸುಮಾರು ಎರಡರಷ್ಟು ಎತ್ತರದ ಉದ್ದ ಕಂಬಕ್ಕೆ 12 ಬೇಕು. ಹೆಚ್ಚಳ ಕಡಿಮೆಯಾದರೆ ಬಟ್ಟಲಿನಂತೆ ಗುಳಿ ಬೀಳುತ್ತದೆ. ಮಿತಿಮೀರಿದರೆ ಅಂಚು ನಿರಿಗೆಗಟ್ಟುತ್ತದೆ. ಈ ಎರಡನೆಯ ಗುಣವನ್ನೇ ಬಳಸಿಕೊಂಡು ಗಣಿತಜ್ಞೆ ಡೈನಾ ತೈಮಿನಾ ಅವರು 1997ರಲ್ಲಿ ಹೈಪರ್ಬಾಲಿಕ್ ಸಮತಲದ ಮಾದರಿಯನ್ನು ಕ್ರೋಶಾದಲ್ಲಿ ರೂಪಿಸಿದರು.

ಮನೆಬಳಕೆಯ ವಸ್ತುಗಳು

ಕರ್ನಾಟಕದ ಮನೆಗಳಲ್ಲಿ ಬಾಗಿಲ ತೋರಣ, ತಟ್ಟೆಯ ಮುಚ್ಚಳಬಟ್ಟೆ, ರೇಡಿಯೋ ಮತ್ತು ದೂರದರ್ಶನ ಪೆಟ್ಟಿಗೆಗಳ ಹೊದಿಕೆ, ಹೂವಿನ ಬದಲು ಬಳಸುವ ಉಣ್ಣೆಯ ಹಾರ ಮುಂತಾದವು ಕ್ರೋಶಾದ ಪರಿಚಿತ ರೂಪಗಳು. ಹೆರಿಗೆಗೆ ಮುನ್ನ ತಾಯಿಯ ಅಥವಾ ಅಜ್ಜಿಯ ಕೈಯಿಂದ ಕೂಸಿನ ಕುಲಾವಿ, ಕಾಲುಚೀಲಗಳು ಸಿದ್ಧವಾಗುವುದುಂಟು. ಒಂದು ಕೂಸಿಗೆ ಹೆಣೆದುದನ್ನು ಜೋಪಾನವಾಗಿಟ್ಟು ಮುಂದೆ ಹುಟ್ಟುವ ಕೂಸಿಗೂ ತೊಡಿಸುವರು.

ಪೂರ್ಣಾವಧಿಗೆ ಜನಿಸಿದ ಶಿಶುವಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 34ರಿಂದ 35 ಸೆಂ.ಮೀ. ಹೆಣಿಗೆಯು ಹಿಗ್ಗುವುದರಿಂದ ಟೋಪಿಯನ್ನು ಅದಕ್ಕಿಂತ 2–3 ಸೆಂ.ಮೀ. ಕಡಿಮೆಗೆ ಮಾಡುವುದು ವಾಡಿಕೆ. 6 ಗಿಡ್ಡ ಕಂಬಗಳಿಂದ ಆರಂಭಿಸಿ, ಸುತ್ತಿಗೆ 6ರಂತೆ ಹೆಚ್ಚಿಸುತ್ತ, ವೃತ್ತದ ವ್ಯಾಸವು ಸುಮಾರು 10 ಸೆಂ.ಮೀ. ಆದಾಗ ಹೆಚ್ಚಿಸುವುದನ್ನು ನಿಲ್ಲಿಸಬೇಕು. ಆ ಬಳಿಕ ಅಷ್ಟೇ ಹೊಲಿಗೆಗಳಲ್ಲಿ ಮುಂದುವರಿದರೆ ಅಂಚು ತಾನಾಗಿ ಕೆಳಗಿಳಿದು ಟೋಪಿಯ ಆಕಾರ ಬರುತ್ತದೆ. ನಡುನೆತ್ತಿಯಿಂದ ಅಂಚಿನವರೆಗೆ 13–14 ಸೆಂ.ಮೀ. ಸಾಕು.

ಉಳಿದ ನೂಲಿನ ಸದುಪಯೋಗಕ್ಕೆ ‘ಗ್ರ್ಯಾನಿ ಸ್ಕ್ವೇರ್’ ಎಂಬ ಚೌಕವು ಹೆಸರುವಾಸಿ. ಮೂರು ಮೂರು ಉದ್ದ ಕಂಬಗಳ ಗೊಂಚಲುಗಳಿಂದ ಇದನ್ನು ನಡುವಿನಿಂದ ಹೊರಕ್ಕೆ ಬೆಳೆಸಲಾಗುತ್ತದೆ. ನಾಲ್ಕು ಮೂಲೆಗಳಲ್ಲಿ ಎರಡೆರಡು ಗೊಂಚಲು ಬರುವುದರಿಂದ ಚೌಕಾಕಾರ ಉಂಟಾಗುತ್ತದೆ.

ದಾನಕ್ಕಾಗಿ ಹೆಣಿಗೆ

ಅಮೆರಿಕದಲ್ಲಿ 1991ರಲ್ಲಿ ಈವೀ ರೋಸೆನ್ ಅವರು ಆರಂಭಿಸಿದ ‘ವಾರ್ಮ್ ಅಪ್ ಅಮೆರಿಕ’ವು ಕೆಲಸ ಹಂಚಿಕೊಳ್ಳುವ ಕ್ರಮಕ್ಕೆ ಒಳ್ಳೆಯ ಉದಾಹರಣೆ. ಒಬ್ಬೊಬ್ಬರೂ 7 ಅಂಗುಲ ಅಗಲ, 9 ಅಂಗುಲ ಉದ್ದದ ತುಂಡುಗಳನ್ನು ಹೆಣೆದು ಕಳುಹಿಸುವರು. ಅಂಥ 49 ತುಂಡುಗಳನ್ನು ಕೂಡಿಸಿದರೆ ಒಂದು ಕಂಬಳಿ. ಇಡೀ ಕಂಬಳಿ ಹೆಣೆಯಲಾರದ ವೃದ್ಧರೂ ಹೊಸಬರೂ ಇದರಲ್ಲಿ ಪಾಲ್ಗೊಳ್ಳಬಹುದು. ಚೆನ್ನೈಯಲ್ಲಿ ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಬಳಗವು 2016ರ ಜನವರಿ 31ರಂದು 11,148.5 ಚದರ ಮೀಟರ್ ವಿಸ್ತಾರದ ಕ್ರೋಶಾ ಕಂಬಳಿಯನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿತು.

ಸ್ತನ ಶಸ್ತ್ರಚಿಕಿತ್ಸೆಗೊಳಗಾದ ಮಹಿಳೆಯರಿಗೆ ಹತ್ತಿ ನೂಲಿನ ಹಗುರವಾದ ಕೃತಕ ಸ್ತನಗಳನ್ನು ಹೆಣೆದು ಉಚಿತವಾಗಿ ನೀಡುವ ಸ್ವಯಂಸೇವಕ ಬಳಗಗಳು ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿವೆ. ಕೀಮೋಥೆರಪಿಯಿಂದ ಕೂದಲು ಉದುರಿದವರಿಗೆ ಮೃದುವಾದ, ಒಳಭಾಗದಲ್ಲಿ ಗಂಟುಗಳಿಲ್ಲದ ಟೋಪಿಗಳನ್ನು ಹೆಣೆಯುವುದೂ ಇದೆ.

ಡೆನ್ಮಾರ್ಕಿನಲ್ಲಿ 2013ರಲ್ಲಿ ಅವಧಿಪೂರ್ವ ಶಿಶುಗಳಿಗಾಗಿ ಕ್ರೋಶಾ ಆಕ್ಟೋಪಸ್ ಗೊಂಬೆಗಳನ್ನು ನೀಡುವ ಉಪಕ್ರಮ ಆರಂಭವಾಯಿತು. ಗೊಂಬೆಯ ಸುರುಳಿಕಾಲುಗಳು ಹೊಕ್ಕುಳಬಳ್ಳಿಯನ್ನು ಹೋಲುವುದರಿಂದ, ಅವನ್ನು ಹಿಡಿದ ಶಿಶುವು ಕೊಳವೆಗಳನ್ನು ಎಳೆಯದೆ ಶಾಂತವಾಗಿರುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. ಇದಕ್ಕಿರುವ ವೈದ್ಯಕೀಯ ಆಧಾರ ಸೀಮಿತವಾದುದು. ಶುದ್ಧ ಹತ್ತಿ, 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಗೆತ, ಎಳೆದಾಗಲೂ 22 ಸೆಂ.ಮೀ. ಮೀರದ ಕಾಲುಗಳು ಎಂಬ ನಿಯಮಗಳನ್ನು ಈ ಬಳಗಗಳು ಪಾಲಿಸುತ್ತವೆ.

ಸುರಕ್ಷತೆ ಮತ್ತು ಔಚಿತ್ಯ

ದಾನದ ವಸ್ತುವು ಕೊಡುವವರ ಸಂತೋಷಕ್ಕಿಂತ ಪಡೆಯುವವರ ಅಗತ್ಯಕ್ಕೆ ಹೊಂದಬೇಕಾದುದು. ಆಸ್ಪತ್ರೆ, ವೃದ್ಧಾಶ್ರಮ ಮೊದಲಾದ ಸಂಸ್ಥೆಗಳಿಗೆ ಬೇಕಾದ ವಸ್ತು, ಅಳತೆ, ನೂಲುಗಳನ್ನು ಮೊದಲೇ ಕೇಳಿ ತಿಳಿದುಕೊಂಡರೆ ಶ್ರಮ ವ್ಯರ್ಥವಾಗುವುದಿಲ್ಲ. ಕೈಯಲ್ಲಷ್ಟೇ ಒಗೆಯಬೇಕಾದ ಉಣ್ಣೆಯ ಕಂಬಳಿಯು, ಎಲ್ಲವನ್ನೂ ಯಂತ್ರದಲ್ಲಿ ಒಗೆಯುವ ಸಂಸ್ಥೆಯಲ್ಲಿ ಒಂದೇ ಒಗೆತಕ್ಕೆ ಕೆಡಬಹುದು.

ಶಿಶುಗಳ ವಸ್ತುಗಳಲ್ಲಿ ಗುಂಡಿ, ಮಣಿ, ಉದ್ದನೆಯ ಲಾಡಿಗಳನ್ನು ಬಳಸಬಾರದು. ಜಾಲಂಧ್ರದಂತಹ ದೊಡ್ಡ ರಂಧ್ರಗಳಲ್ಲಿ ಬೆರಳು ಸಿಲುಕಬಹುದು. ಕಾಲುಚೀಲದೊಳಗಿನ ಸಡಿಲ ಎಳೆಯು ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತಸಂಚಾರಕ್ಕೆ ತಡೆಯಾಗುತ್ತದೆ. ಕಡಿಮೆ ತೂಕದ ನವಜಾತ ಶಿಶುಗಳ ಕಾಂಗರೂ ಆರೈಕೆಯಲ್ಲಿ ಟೋಪಿಯು ಉಷ್ಣರಕ್ಷಣೆಯ ಭಾಗವಾಗಿದೆ. ಆದರೆ ಮನೆಗೆ ಬಂದ ಆರೋಗ್ಯವಂತ ಶಿಶುವು ಮಲಗಿರುವಾಗ ಟೋಪಿಯಾಗಲಿ ಸಡಿಲವಾದ ಹೊದಿಕೆ, ಗೊಂಬೆಗಳಾಗಲಿ ಇರಬಾರದೆಂದು ಮಕ್ಕಳ ತಜ್ಞರು ಸಲಹೆ ನೀಡುತ್ತಾರೆ. ಮೈ ಅತಿಯಾಗಿ ಕಾಯುವ ಹಾಗೂ ಉಸಿರುಗಟ್ಟುವ ಅಪಾಯ ಇದಕ್ಕೆ ಕಾರಣ.

ದುಡಿಮೆಯ ಮೌಲ್ಯ

ಎರಡು ಕಡ್ಡಿಗಳ ಹೆಣಿಗೆಯನ್ನು ಯಂತ್ರಗಳು ಬಹುಕಾಲದಿಂದ ಮಾಡುತ್ತಿವೆ. ಮಾರುಕಟ್ಟೆಯಲ್ಲಿ ದೊರೆಯುವ ನೈಜ ಕ್ರೋಶಾ ವಸ್ತುಗಳಾದರೋ ಮನುಷ್ಯರ ಕೈಯಿಂದಲೇ ಬಂದವು. ಆದರೂ ಬೆಲೆಯಲ್ಲಿ ಆ ಶ್ರಮ ಕಾಣಿಸುವುದು ಅಪರೂಪ. ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅವರು 1982ರಲ್ಲಿ ಪ್ರಕಟವಾದ ನರಸಾಪುರದ ಲೇಸ್ ಕೆಲಸಗಾರ್ತಿಯರ ಕುರಿತ ಅಧ್ಯಯನದಲ್ಲಿ, ವಿದೇಶಿ ಮಾರುಕಟ್ಟೆಗಾಗಿ ದಿನವಿಡೀ ದುಡಿಯುವ ಹೆಂಗಸರನ್ನು ‘ಗೃಹಿಣಿಯರು’ ಎಂದೂ ಅವರ ದುಡಿಮೆಯನ್ನು ಬಿಡುವಿನ ವೇಳೆಯ ಕೆಲಸವೆಂದೂ ಪರಿಗಣಿಸುವುದರಿಂದ ಕೂಲಿಯು ತೀರ ಕೆಳಮಟ್ಟದಲ್ಲಿ ಉಳಿಯುತ್ತದೆಂದು ತೋರಿಸಿದರು. ಮನೆಯವರಿಗಾಗಿ ಒಲುಮೆಯಿಂದ ಹೆಣೆಯುವ ಕುಲಾವಿಗೂ ಹೊಟ್ಟೆಪಾಡಿಗಾಗಿ ಹೆಣೆಯುವ ಲೇಸಿಗೂ ಹೊಲಿಗೆ ಒಂದೇ. ಮೊದಲನೆಯದು ಉಡುಗೊರೆಯಾದರೆ ಎರಡನೆಯದು ನ್ಯಾಯವಾದ ಕೂಲಿಗೆ ಅರ್ಹವಾದ ದುಡಿಮೆ.