ಮರಳಿದರೂ ಸಿಗದ ಊರು

ಏಜಿಯನ್ ಕಡಲ ದಡದಲ್ಲಿ, ಸ್ಮಿರ್ನಾ ಅಂದರೆ ಇಂದಿನ ಇಜ್ಮಿರ್ ನಗರದ ಹತ್ತಿರ, ಸ್ಕಾಲಾ ಎಂಬ ಪುಟ್ಟ ಊರು. ಗ್ರೀಕ್ ಕವಿ ಜಾರ್ಜ್ ಸೆಫೆರಿಸ್ ಬಾಲ್ಯದ ಬೇಸಿಗೆಗಳನ್ನು ಕಳೆದದ್ದು ಇಲ್ಲಿಯೇ. 1914ರಲ್ಲಿ ಅವರ ಕುಟುಂಬ ಅಥೆನ್ಸಿಗೆ ಹೋಯಿತು. 1922ರಲ್ಲಿ ಗ್ರೀಕ್ ಸೇನೆ ಸೋತಿತು. ಸ್ಮಿರ್ನಾ ಬೆಂಕಿಗೆ ಆಹುತಿಯಾಯಿತು.

ಮರುವರ್ಷ ಲೌಸಾನ್‌ನಲ್ಲಿ ಆದ ಒಪ್ಪಂದ ಜನರನ್ನೇ ವಿನಿಮಯ ಮಾಡಿತು. ಮೊದಲೇ ಓಡಿಬಂದವರೂ ಸೇರಿ ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸಿನ ಪಾಲಾದರು. ಸುಮಾರು 4 ಲಕ್ಷ ಮುಸ್ಲಿಮರು ಟರ್ಕಿಯ ಪಾಲಾದರು. ಅಳತೆಗೋಲು ಧರ್ಮವೊಂದೇ, ಆಡುವ ಭಾಷೆಯಲ್ಲ. ಸರ್ಕಾರದ ಅನುಮತಿಯಿಲ್ಲದೆ ಯಾರೂ ಹಿಂದಿರುಗಿ ನೆಲೆಸುವಂತಿರಲಿಲ್ಲ.

36 ವರ್ಷಗಳ ಮೇಲೆ, 1950ರಲ್ಲಿ, ಸೆಫೆರಿಸ್ ಸ್ಕಾಲಾಕ್ಕೆ ಬಂದರು. ಆಗ ಅವರು ಅಂಕಾರಾದಲ್ಲಿ ಗ್ರೀಸಿನ ರಾಜತಾಂತ್ರಿಕ ಅಧಿಕಾರಿ. ಕಡಲು ಅದೇ ಇತ್ತು, ಗ್ರೀಕ್ ನೆರೆಹೊರೆ ಇರಲಿಲ್ಲ. ಹುಟ್ಟಿದ ಸೀಮೆಯಲ್ಲೇ ಅವರು ಪರದೇಶದ ಅತಿಥಿ. 1963ರಲ್ಲಿ ನೊಬೆಲ್ ಪಡೆದ ಈ ಕವಿಯ ಕಾವ್ಯದ ತುಂಬ ಇರುವುದು ಮನೆ ಸೇರದ ನಾವಿಕರೇ.