ಸೋಸುವ ಗೋಡೆ: ಮೀನುತೊಟ್ಟಿಯ ಫಿಲ್ಟರ್ ಬೆಳೆದು ಬಂದ ಬಗೆ

ಮೀನುತೊಟ್ಟಿಯ ಫಿಲ್ಟರ್ ಗಂಟೆಗೆ ಎಷ್ಟು ಲೀಟರ್ ನೀರು ಎಳೆಯುತ್ತದೆ ಎಂಬ ಒಂದೇ ಲೆಕ್ಕದಲ್ಲಿ ಅದರ ಯೋಗ್ಯತೆಯನ್ನು ಅಳೆಯುವುದು ಈಗಿನ ರೂಢಿ. ಡಬ್ಬಿಯ ಮೇಲೆ ಅಚ್ಚಾದ ಆ ಸಂಖ್ಯೆ ಪಂಪಿನ ಬಲವನ್ನು ಹೇಳುತ್ತದೆ, ನೀರಿನ ಆರೋಗ್ಯವನ್ನಲ್ಲ. ಮೀನಿನ ಕಿವಿರುಗಳಿಂದ ಹೊರಬೀಳುವ ಅಮೋನಿಯಾ ಕಣ್ಣಿಗೆ ಕಾಣದು. ಕನ್ನಡಿಯಂತೆ ತಿಳಿಯಾದ ನೀರಿನಲ್ಲೂ ಮೀನು ಸಾಯಬಹುದು. ಫಿಲ್ಟರ್ ಎಂಬುದು ಮೊದಲಿಗೆ ಸೂಕ್ಷ್ಮಜೀವಿಗಳ ಬಿಡಾರ, ಆಮೇಲೆ ಕಸ ಹಿಡಿಯುವ ಜಾಲರಿ. ಈ ಮಾತನ್ನು ಒಪ್ಪಿದರೆ, ತೊಟ್ಟಿಯನ್ನು ತಾನೇ ಕಟ್ಟುವವನಿಗೆ ಅದರೊಳಗೇ ಕೂರುವ ಸ್ಪಂಜಿನ ಗೋಡೆಗಿಂತ ಒಳ್ಳೆಯ ಆಯ್ಕೆ ಸಿಗುವುದು ಕಷ್ಟ.

ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಮೀನು, ಗಿಡ, ಬಸವನಹುಳುಗಳ ಸಮತೋಲವನ್ನು ವಿವರಿಸಿದ. 1853ರಲ್ಲಿ ಅದೇ ನಗರದ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಗಿಡವಿದ್ದರೆ ಸಾಕು ಎಂಬುದು ಆ ಕಾಲದ ನಂಬಿಕೆ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್, ಮರಳಿನ ಮೂಲಕ ಇಳಿಯುವ ಕೊಳಚೆನೀರಿನಲ್ಲಿ ಅಮೋನಿಯಾ ನೈಟ್ರೇಟ್ ಆಗುವುದು ಜೀವಿಗಳ ಕೆಲಸವೆಂದು ತೋರಿಸಿದರು. 1890ರ ಸುಮಾರಿಗೆ ಸೂಕ್ಷ್ಮಜೀವಿ ವಿಜ್ಞಾನಿ ವಿನೊಗ್ರಾಡ್‌ಸ್ಕಿ ಆ ಜೀವಿಗಳನ್ನು ಪ್ರತ್ಯೇಕಿಸಿದ. ಆದರೂ ಹವ್ಯಾಸಿಗಳ ತೊಟ್ಟಿಗೆ ಈ ತಿಳಿವಳಿಕೆ ಇಳಿದದ್ದು ತಡವಾಗಿ, ಜಲ್ಲಿಯ ಕೆಳಗೆ ತಟ್ಟೆಯಿಟ್ಟು ನೀರೆಳೆಯುವ ಪದ್ಧತಿಯ ರೂಪದಲ್ಲಿ. ತೊಟ್ಟಿಯಲ್ಲೇ ಅಡಗಿದ ಆ ಫಿಲ್ಟರಿನ ಕಲ್ಪನೆ ಸರಿಯಿತ್ತು, ಆದರೆ ಕಸ ತಟ್ಟೆಯಡಿ ಉಳಿದು ಕೊಳೆಯುತ್ತಿತ್ತು. ಮುಂದೆ ಫಿಲ್ಟರ್ ಡಬ್ಬಿಯಾಗಿ ಹೊರಗೆ ಬಂತು. ವ್ಯಾಪಾರಕ್ಕೂ ಅದೇ ಅನುಕೂಲವಾಯಿತು.

ಇದಕ್ಕೆ ಬದಲಾದ ದಾರಿಯನ್ನು ತೋರಿಸಿದವರು ಜರ್ಮನಿಯ ಹವ್ಯಾಸಿಗಳು. ಹ್ಯಾಂಬರ್ಗ್ ಮ್ಯಾಟ್ ಫಿಲ್ಟರ್ ಎಂದು ಹೆಸರಾದ ಅವರ ವಿಧಾನದಲ್ಲಿ ತೊಟ್ಟಿಯ ಒಂದು ಬದಿಗೆ ಅಡ್ಡಲಾಗಿ, ತಳದಿಂದ ನೀರಿನ ಮೇಲ್ಮಟ್ಟದವರೆಗೆ ಸ್ಪಂಜಿನ ಹಾಳೆ ನಿಲ್ಲುತ್ತದೆ. ಅದರ ಹಿಂದಿನ ಕಿರುಕೋಣೆಯಿಂದ ಪಂಪು ನೀರನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ. ಸ್ಪಂಜನ್ನು ದಾಟುವ ನೀರಿನ ವೇಗ ನಿಮಿಷಕ್ಕೆ 5ರಿಂದ 10 ಸೆಂ.ಮೀ. ಇರಬೇಕೆಂಬುದೇ ಇಲ್ಲಿನ ಸೂತ್ರ. 90 ಸೆಂ.ಮೀ. ಉದ್ದ, 45 ಅಗಲ, 40 ಸೆಂ.ಮೀ. ನೀರಿರುವ ತೊಟ್ಟಿಯಲ್ಲಿ ಗೋಡೆಯ ಮುಖ 1,800 ಚದರ ಸೆಂ.ಮೀ.; ನಿಮಿಷಕ್ಕೆ 5 ಸೆಂ.ಮೀ. ಎಂದರೆ ಗಂಟೆಗೆ 540 ಲೀಟರ್. ಸಾಧಾರಣ ಪಂಪಿಗೂ ಇದು ಭಾರವಲ್ಲ. ಈ ನಿಧಾನದ ನಡೆಗೆ ವಿಜ್ಞಾನದ ಬೆಂಬಲ ಬಂದದ್ದು ಆಮೇಲೆ. ಅಮೋನಿಯಾ ನೈಟ್ರೇಟ್ ಆಗುವ ನಡುವಿನ ಹಂತವಾದ ನೈಟ್ರೈಟನ್ನು ತೊಟ್ಟಿಗಳಲ್ಲಿ ಅರಗಿಸುವುದು ಬಹುಕಾಲ ನಂಬಿದ್ದ ನೈಟ್ರೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯ ಅಲ್ಲ, ನೈಟ್ರೊಸ್ಪೈರ ಎಂದು 1998ರಲ್ಲಿ ಸಂಶೋಧಕ ಹೋವನೆಕ್ ಮತ್ತು ಸಂಗಡಿಗರು ತೋರಿಸಿದರು. 2015ರಲ್ಲಿ ಅಮೋನಿಯಾದಿಂದ ನೈಟ್ರೇಟ್‌ವರೆಗಿನ ಇಡೀ ಕೆಲಸವನ್ನು ಒಂದೇ ಜೀವಿ ಮಾಡಬಲ್ಲದೆಂಬುದೂ ಬೆಳಕಿಗೆ ಬಂತು. ನಿಧಾನವಾಗಿ ಬೆಳೆದು ಮೇಲ್ಮೈಗೆ ಅಂಟಿ ಬಾಳುವ ಇಂಥ ಜೀವಿಗಳಿಗೆ ಬೇಕಾದದ್ದು ಕದಡದ ನೆಲೆ ಮತ್ತು ಆಮ್ಲಜನಕ, ಹುಚ್ಚುಹೊಳೆಯಲ್ಲ.

ಗೋಡೆ ಜಾಗ ತಿನ್ನುತ್ತದೆ ಎಂಬುದು ಮೊದಲ ಆಕ್ಷೇಪ. 5 ಸೆಂ.ಮೀ. ದಪ್ಪದ ಸ್ಪಂಜು, 8 ಸೆಂ.ಮೀ. ಕೋಣೆ ಸೇರಿ ಉದ್ದದ ಏಳನೆಯ ಒಂದು ಪಾಲು ಹೋಗುವುದು ನಿಜ; ಆದರೆ ಆ ನೀರು ತೊಟ್ಟಿಯ ಒಟ್ಟು ನೀರಿನಲ್ಲೇ ಸೇರಿರುತ್ತದೆ, ಮೀನು ಈಜುವ ಜಾಗವಷ್ಟೇ ಕಡಿಮೆ. ತೊಳೆಯುವುದು ಕಷ್ಟವೆಂಬುದು ಎರಡನೆಯದು. ಮುಖ ಅಗಲವಾಗಿರುವುದರಿಂದ ಅದು ಕಟ್ಟಿಕೊಳ್ಳಲು ತಿಂಗಳುಗಳೇ ಬೇಕು, ಕಟ್ಟಿಕೊಂಡಾಗ ಕೋಣೆಯ ನೀರಿನ ಮಟ್ಟ ಇಳಿದು ತಾನೇ ಸೂಚನೆ ಕೊಡುತ್ತದೆ; ಪಂಪು ಒಣಗುವ ಮುನ್ನ ಅದನ್ನು ಗಮನಿಸಬೇಕು, ಅಷ್ಟೆ. ತೀರ ಸಣ್ಣ ಧೂಳನ್ನು ಡಬ್ಬಿ ಹೆಚ್ಚು ಚೊಕ್ಕಟವಾಗಿ ಹಿಡಿಯುತ್ತದೆ ಎಂಬುದನ್ನು ಮಾತ್ರ ಒಪ್ಪಲೇಬೇಕು. ಆದರೆ ಕರೆಂಟು ಹೋದಾಗ ಎರಡರ ವ್ಯತ್ಯಾಸ ತಿಳಿಯುತ್ತದೆ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕವನ್ನು ಅರಗಿಸಲು ಈ ಜೀವಿಗಳಿಗೆ ಸುಮಾರು 4.5 ಮಿಲಿಗ್ರಾಂ ಆಮ್ಲಜನಕ ಬೇಕು. ಮುಚ್ಚಿದ ಡಬ್ಬಿಯಲ್ಲಿ ಅದು ಬೇಗ ತೀರುತ್ತದೆ. ಗೋಡೆಯ ಎರಡೂ ಮುಖಗಳು ತೊಟ್ಟಿಯ ನೀರಿಗೆ ತೆರೆದೇ ಇರುತ್ತವೆ. ಹೊರಗೆ ಕೊಳವೆಯೇ ಇಲ್ಲದ್ದರಿಂದ ಅದು ಸೋರಿ ನೆಲ ಒದ್ದೆಯಾಗುವ ಭಯವೂ ಇಲ್ಲ.

ಇಷ್ಟಿದ್ದೂ ಫಿಲ್ಟರುಗಳನ್ನು ಅವು ಅರಗಿಸುವ ಅಮೋನಿಯಾದ ಪ್ರಮಾಣದಿಂದ ಹೋಲಿಸುವ ಅಳತೆಗಳು ಹವ್ಯಾಸದ ಬರಹಗಳಲ್ಲಿ ಅಪರೂಪ. ಗಜದ ಲೆಕ್ಕದಲ್ಲಿ ಸಿಗುವ ಸ್ಪಂಜಿಗೆ ಬ್ರಾಂಡಿಲ್ಲ, ಆದ್ದರಿಂದ ಅದರ ಪರ ಜಾಹೀರಾತು ಕೊಡುವವರೂ ಇಲ್ಲ. ಗಾಜಿಗೆ ಸಿಲಿಕೋನ್ ಹಚ್ಚುವ ಮೊದಲೇ ಗೋಡೆಯ ಜಾಗ, ಸ್ಪಂಜು ಸಿಕ್ಕಿಸುವ ಗಾಜಿನ ಪಟ್ಟಿಗಳನ್ನು ನಿಶ್ಚಯಿಸುವ ಅವಕಾಶ ತೊಟ್ಟಿ ಕಟ್ಟುವವನಿಗೆ ಮಾತ್ರ ಇದೆ. ಅದನ್ನು ಬಿಟ್ಟು, ಕಟ್ಟಿ ಮುಗಿಸಿದ ಮೇಲೆ ಡಬ್ಬಿ ಹುಡುಕುವುದು ಕೈಲಿದ್ದ ಅನುಕೂಲವನ್ನು ದುಡ್ಡು ಕೊಟ್ಟು ಕಳೆದುಕೊಂಡಂತೆ.