ಹಳೆಯ ವಿದ್ಯಾರ್ಥಿಗಳೂ ವಾಣಿಜ್ಯಾಡಳಿತ ಶಿಕ್ಷಣವೂ: ಡಾರ್ಟ್‌ಮತ್ ಕಾಲೇಜಿನ ಟಕ್ ಶಾಲೆಯ ನಿದರ್ಶನ

ವಿಶ್ವವಿದ್ಯಾನಿಲಯಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಸಂಸ್ಥಾಪಕರು, ಆಡಳಿತಗಾರರು, ಪ್ರಾಧ್ಯಾಪಕರು ಇವರ ಕಾರ್ಯವನ್ನು ವಿಸ್ತಾರವಾಗಿ ನಿರೂಪಿಸುತ್ತಾರೆ. ಪದವಿಯನ್ನು ಪಡೆದು ಹೊರಬಂದ ವಿದ್ಯಾರ್ಥಿಯು ವಿದ್ಯಾಲಯದಿಂದ ಮಾತ್ರವಲ್ಲ, ಅದರ ಚರಿತ್ರೆಯಿಂದಲೂ ಹೊರಬಿದ್ದಂತಾಗುತ್ತದೆ. ಆದರೆ ಅಮೆರಿಕದ ಉನ್ನತ ಶಿಕ್ಷಣದ ಚರಿತ್ರೆಯಲ್ಲಿ, ಅದರಲ್ಲಿಯೂ ವಾಣಿಜ್ಯಾಡಳಿತ ಶಾಲೆಗಳ ಚರಿತ್ರೆಯಲ್ಲಿ, ಹಳೆಯ ವಿದ್ಯಾರ್ಥಿಯನ್ನು ಬದಿಗಿಟ್ಟು ಮುಂದುವರಿಯುವುದು ಸಾಧ್ಯವಿಲ್ಲ. ಪ್ರಸ್ತುತ ಲೇಖನದಲ್ಲಿ ನಾವು ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಹ್ಯಾನೋವರ್ ಊರಿನಲ್ಲಿರುವ ಡಾರ್ಟ್‌ಮತ್ ಕಾಲೇಜನ್ನೂ, ಅದರ ಅಂಗವಾದ ಟಕ್ ಶಾಲೆಯನ್ನೂ ನಿದರ್ಶನವಾಗಿ ತೆಗೆದುಕೊಂಡು ಎರಡು ಪ್ರಶ್ನೆಗಳನ್ನು ವಿವೇಚಿಸಲು ಉದ್ದೇಶಿಸಿದ್ದೇವೆ. ಹಳೆಯ ವಿದ್ಯಾರ್ಥಿಗಳ ಸಂಘಟಿತ ಬೆಂಬಲವು ಇಂಥ ಶಾಲೆಗೆ ಯಾವ ರೂಪದಲ್ಲಿ ಒದಗುತ್ತದೆ? ಬೆಂಬಲ ಕೊಟ್ಟವರಿಗೆ ಆಡಳಿತದಲ್ಲಿ ಎಷ್ಟು ಅಧಿಕಾರ ಸಲ್ಲಬೇಕು?

ಡಾರ್ಟ್‌ಮತ್ ಕಾಲೇಜು ೧೭೬೯ರಲ್ಲಿ ರಾಜಸನ್ನದಿನಿಂದ ಸ್ಥಾಪಿತವಾಯಿತು. ೧೮೧೬ರಲ್ಲಿ ಸಂಸ್ಥಾನದ ಶಾಸನಸಭೆಯು ಆ ಸನ್ನದನ್ನು ಬದಲಾಯಿಸಿ ಕಾಲೇಜನ್ನು ತನ್ನ ಹತೋಟಿಗೆ ತಂದುಕೊಳ್ಳಲು ಯತ್ನಿಸಿದಾಗ ಧರ್ಮದರ್ಶಿಗಳು ನ್ಯಾಯಾಲಯದ ಮೊರೆಹೊಕ್ಕರು. ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ ಅವರ ಪರವಾಗಿ ವಾದಿಸಿದವನು ಡೇನಿಯಲ್ ವೆಬ್‌ಸ್ಟರ್. ೧೮೦೧ರಲ್ಲಿ ಅದೇ ಕಾಲೇಜಿನಿಂದ ಪದವಿ ಪಡೆದವನು. ಸನ್ನದು ಒಂದು ಒಪ್ಪಂದವೆಂದೂ, ಅದನ್ನು ಶಾಸನಸಭೆಯು ಏಕಪಕ್ಷೀಯವಾಗಿ ಮುರಿಯಲಾಗದೆಂದೂ ೧೮೧೯ರಲ್ಲಿ ತೀರ್ಪಾಯಿತು. ಹೀಗೆ ಕಾಲೇಜಿನ ಸ್ವಾತಂತ್ರ್ಯವು ಉಳಿದುದರಲ್ಲಿಯೇ ಒಬ್ಬ ಹಳೆಯ ವಿದ್ಯಾರ್ಥಿಯ ಪಾತ್ರವಿದ್ದಿತು. ಈ ತೀರ್ಪಿನಲ್ಲಿ ಬಂದ 'ಒಪ್ಪಂದ' ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ಇನ್ನೊಂದು ರೂಪದಲ್ಲಿ ನಮಗೆ ಎದುರಾಗಲಿದೆ.

ಹಳೆಯ ವಿದ್ಯಾರ್ಥಿಗಳ ಸಂಘವು ೧೮೫೪ರಲ್ಲಿ ಏರ್ಪಟ್ಟಿತು. ಆದರೆ ಸಂಘವಿದ್ದ ಮಾತ್ರಕ್ಕೆ ಅಧಿಕಾರ ಬರಲಿಲ್ಲ. ಅಧ್ಯಕ್ಷ ಸ್ಯಾಮ್ಯುಯೆಲ್ ಬಾರ್ಟ್‌ಲೆಟ್‌ನ ಕಾಲದಲ್ಲಿ ಆಡಳಿತದ ಬಗೆಗೆ ಅಸಮಾಧಾನವು ಬೆಳೆದು, ೧೮೮೧ರಲ್ಲಿ ನ್ಯೂಯಾರ್ಕಿನ ಹಳೆಯ ವಿದ್ಯಾರ್ಥಿಗಳು ಅವನ ಮೇಲೆ ಬಹಿರಂಗವಾಗಿ ಆಪಾದನೆಗಳನ್ನು ತಂದರು. ಅಧ್ಯಕ್ಷನು ಸ್ಥಾನದಲ್ಲಿಯೇ ಉಳಿದನಾದರೂ ಪ್ರಶ್ನೆ ಅಳಿಯಲಿಲ್ಲ. ಕೊನೆಗೆ ೧೮೯೧ರಲ್ಲಿ ಧರ್ಮದರ್ಶಿ ಮಂಡಲಿಯು ಒಂದು ನಿರ್ಣಯವನ್ನು ಅಂಗೀಕರಿಸಿತು. ಪದನಿಮಿತ್ತ ಸದಸ್ಯರಾದ ರಾಜ್ಯಪಾಲ ಮತ್ತು ಕಾಲೇಜಿನ ಅಧ್ಯಕ್ಷ ಇವರನ್ನು ಬಿಟ್ಟು ಉಳಿದ ೧೦ ಸ್ಥಾನಗಳಲ್ಲಿ ೫ನ್ನು ಹಳೆಯ ವಿದ್ಯಾರ್ಥಿಗಳು ಸೂಚಿಸಿದವರಿಂದ ತುಂಬತಕ್ಕದ್ದೆಂದು ಗೊತ್ತಾಯಿತು. ಕಾಲೇಜನ್ನು ಬಿಟ್ಟುಹೋದವರು ಅದರ ಆಡಳಿತದ ಅರ್ಧಪಾಲಿಗೆ ಹಕ್ಕುದಾರರಾದರು.

ಇದಾದ ಎಂಟು ವರ್ಷಗಳ ಮೇಲೆ ವಾಣಿಜ್ಯ ಶಾಲೆಯ ಪ್ರಸ್ತಾಪ ಬಂದಿತು. ೧೮೯೩ರಲ್ಲಿ ಅಧ್ಯಕ್ಷನಾದ ವಿಲಿಯಂ ಜ್ಯೂಯೆಟ್ ಟಕ್ಕರ್, ಕಾಲೇಜಿನ ಪದವೀಧರರಲ್ಲಿ ಪಾದ್ರಿಗಳೂ ವಕೀಲರೂ ಆಗುತ್ತಿದ್ದ ಕಾಲವು ಹಿಂದೆ ಸರಿದು ವ್ಯಾಪಾರೋದ್ಯಮಗಳಿಗೆ ಹೋಗುವವರ ಸಂಖ್ಯೆ ಹೆಚ್ಚುತ್ತಿರುವುದನ್ನು ಕಂಡನು. ಇಂಥವರಿಗೆ ಶಿಕ್ಷಣ ಕೊಡುವ ಶಾಲೆಗಾಗಿ ಅವನು ಮೊರೆಹೋದದ್ದು, ವಿದ್ಯಾರ್ಥಿದೆಸೆಯಲ್ಲಿ ತನ್ನ ಕೊಠಡಿಯ ಜತೆಗಾರನಾಗಿದ್ದು ಪ್ಯಾರಿಸ್ಸಿನಲ್ಲಿ ಲೇವಾದೇವಿ ವ್ಯವಹಾರದಿಂದ ಸಿರಿವಂತನಾಗಿ ನೆಲೆಸಿದ್ದ ಎಡ್ವರ್ಡ್ ಟಕ್ ಎಂಬವನನ್ನು. ಎಡ್ವರ್ಡನು ೧೮೬೨ರ ಪದವೀಧರ. ಅವನ ತಂದೆ ಏಮಸ್ ಟಕ್ ೧೮೩೫ರ ಪದವೀಧರ, ರಾಷ್ಟ್ರದ ಪ್ರತಿನಿಧಿ ಸಭೆಯ ಸದಸ್ಯನಾಗಿದ್ದವನು, ಕಾಲೇಜಿನ ಧರ್ಮದರ್ಶಿಯೂ ಆಗಿದ್ದವನು. ತಂದೆಯ ಸ್ಮರಣಾರ್ಥವಾಗಿ ಎಡ್ವರ್ಡನು ೧೮೯೯ರಲ್ಲಿ ೩,೦೦,೦೦೦ ಡಾಲರು ಬೆಲೆಬಾಳುವ ಷೇರುಗಳನ್ನು ಕಾಲೇಜಿಗೆ ಕೊಟ್ಟನು. ೧೯೦೦ರಲ್ಲಿ ಶಾಲೆಯು ಏಮಸ್ ಟಕ್‌ನ ಹೆಸರಿನಲ್ಲಿ ಪ್ರಾರಂಭವಾಯಿತು. ಮೊದಲ ತರಗತಿಯಲ್ಲಿದ್ದ ವಿದ್ಯಾರ್ಥಿಗಳು ಹತ್ತಕ್ಕಿಂತಲೂ ಕಡಿಮೆ.

ದಾನವಾಗಿ ಬಂದವು ಗ್ರೇಟ್ ನಾರ್ದರ್ನ್ ರೈಲ್ವೆ ಕಂಪೆನಿಯ ಷೇರುಗಳೆಂಬುದು ಗಮನಾರ್ಹ. ೧೮೯೩ರ ವೇಳೆಗೆ ಈ ಕಂಪೆನಿಯ ಹಳಿಗಳು ಮಿನ್ನೆಸೋಟದಿಂದ ಪಶ್ಚಿಮ ಕರಾವಳಿಯವರೆಗೆ ಹಬ್ಬಿದ್ದವು. ಸಾವಿರಾರು ಮೈಲಿಗಳ ಹಳಿ, ಲೆಕ್ಕಪತ್ರ, ದರಪಟ್ಟಿ, ನೌಕರವರ್ಗ ಇವುಗಳನ್ನು ನಿರ್ವಹಿಸುವುದು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಕಲಿತ ವಿದ್ಯೆಯಿಂದ ಆಗತಕ್ಕ ಕೆಲಸವಾಗಿರಲಿಲ್ಲ. ಶಾಲೆಗೆ ಬಂಡವಾಳವನ್ನು ಒದಗಿಸಿದ ಉದ್ಯಮವೂ, ಶಾಲೆಯ ಅಗತ್ಯವನ್ನು ಉಂಟುಮಾಡಿದ ಉದ್ಯಮವೂ ಒಂದೇ ಜಾತಿಯವಾಗಿದ್ದವು. ಆ ಉದ್ಯಮಕ್ಕೂ ಕಾಲೇಜಿಗೂ ನಡುವೆ ಸೇತುವಾಗಿ ನಿಂತವನು ಹಳೆಯ ವಿದ್ಯಾರ್ಥಿ.

ಈ ಶಾಲೆಯ ರಚನೆಯೂ ಹೊಸದು. ೧೮೮೧ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಜೋಸೆಫ್ ವಾರ್ಟನ್‌ನ ೧,೦೦,೦೦೦ ಡಾಲರುಗಳ ದಾನದಿಂದ ಹುಟ್ಟಿದ ಶಾಲೆಯು ಪದವಿಪೂರ್ವ ವಿದ್ಯಾರ್ಥಿಗಳಿಗಾಗಿ, ಎಂದರೆ ಇನ್ನೂ ಪದವಿ ಪಡೆಯದವರಿಗಾಗಿ, ಏರ್ಪಟ್ಟಿತ್ತು. ಟಕ್ ಶಾಲೆಯಾದರೋ ಮೂರು ವರ್ಷಗಳ ಸಾಮಾನ್ಯ ವ್ಯಾಸಂಗದ ಮೇಲೆ ಎರಡು ವರ್ಷಗಳ ವಾಣಿಜ್ಯ ವ್ಯಾಸಂಗವನ್ನಿಟ್ಟು, ಪದವಿಯ ಮೇಲಿನ ಮಟ್ಟಕ್ಕೆ ಈ ವಿದ್ಯೆಯನ್ನು ಏರಿಸಿತು. ೧೯೧೧ರಲ್ಲಿ ಇಲ್ಲಿ ವೈಜ್ಞಾನಿಕ ನಿರ್ವಹಣೆಯನ್ನು ಕುರಿತು ಸಮ್ಮೇಳನವು ನಡೆದು, ಫ್ರೆಡರಿಕ್ ಟೇಲರ್‌ನೇ ಬಂದು ಮಾತನಾಡಿದನು.

ಇಲ್ಲಿ ಹಾರ್ವರ್ಡಿನ ಉದಾಹರಣೆಯನ್ನು ಹೋಲಿಸಿ ನೋಡಬಹುದು. ೧೯೦೮ರಲ್ಲಿ ಸ್ಥಾಪಿತವಾದ ಹಾರ್ವರ್ಡ್ ವಾಣಿಜ್ಯ ಶಾಲೆಯ ಮೊದಲ ಡೀನ್ ಎಡ್ವಿನ್ ಗೇ ಆರ್ಥಿಕ ಇತಿಹಾಸಕಾರನೆಂಬುದು ನಮ್ಮ ವಿಭಾಗದವರಿಗೆ ಸಂತೋಷ ಕೊಡುವ ಸಂಗತಿ. ೧೯೨೪ರಲ್ಲಿ ಅದಕ್ಕೆ ೫೦ ಲಕ್ಷ ಡಾಲರು ಕೊಟ್ಟ ಜಾರ್ಜ್ ಬೇಕರ್ ಎಂಬ ಲೇವಾದೇವಿಗಾರನು ಹಾರ್ವರ್ಡಿನಲ್ಲಿ ಓದಿದವನಲ್ಲ. ಆದರೆ ಅವನ ಬಾಗಿಲಿಗೆ ಹೋಗಿ ಕೇಳಿದ ಬಿಷಪ್ ವಿಲಿಯಂ ಲಾರೆನ್ಸ್ ಅಲ್ಲಿಯ ಹಳೆಯ ವಿದ್ಯಾರ್ಥಿ. ಬಿಷಪ್ಪನು ಕೇಳಿದುದು ೧೦ ಲಕ್ಷ; ಶಾಲೆಯನ್ನೆಲ್ಲ ತಾನೊಬ್ಬನೇ ಕಟ್ಟಿಸುವ ಅವಕಾಶವಿದ್ದರೆ ೫೦ ಲಕ್ಷ ಕೊಡುವೆನೆಂದು ಬೇಕರನು ಉತ್ತರಿಸಿದನು. ಹಳೆಯ ವಿದ್ಯಾರ್ಥಿಯು ತಾನು ಕೊಡುವುದರಿಂದ ಮಾತ್ರವೇ ಅಲ್ಲ, ಇತರರಿಂದ ಕೊಡಿಸುವುದರಿಂದಲೂ ಉಪಕಾರಿಯಾಗುತ್ತಾನೆ.

ಇಂಥ ಮಹಾದಾನಗಳು ಚರಿತ್ರೆಯ ಪುಟಗಳಲ್ಲಿ ಎದ್ದು ಕಾಣುತ್ತವೆ. ಆದರೆ ಶಾಲೆಯನ್ನು ವರ್ಷವರ್ಷವೂ ನಡೆಸುವುದು ಬೇರೆ ಬಗೆಯ ಬೆಂಬಲ. ಡಾರ್ಟ್‌ಮತ್‌ನಲ್ಲಿ ೧೯೧೩ರಲ್ಲಿ ಹಳೆಯ ವಿದ್ಯಾರ್ಥಿಗಳ ಮಂಡಲಿಯು ರಚಿತವಾದ ಮೇಲೆ ಈ ಬೆಂಬಲಕ್ಕೆ ಕ್ರಮವೊಂದು ಒದಗಿತು. ಟಕ್ ಶಾಲೆಯ ವಾರ್ಷಿಕ ನಿಧಿಗೆ ಅಲ್ಲಿಯ ಹಳೆಯ ವಿದ್ಯಾರ್ಥಿಗಳಲ್ಲಿ ನೂರಕ್ಕೆ ೬೦ಕ್ಕೂ ಹೆಚ್ಚು ಮಂದಿ ೨೦೧೦ರ ದಶಕದಲ್ಲಿ ಕಾಣಿಕೆ ಕೊಡುತ್ತಿದ್ದರು. ಒಬ್ಬೊಬ್ಬರ ಕಾಣಿಕೆ ಸಣ್ಣದಿರಬಹುದು. ಆದರೆ ನಿಯಮಿತವಾಗಿ ಬರುವ ಸಣ್ಣ ಮೊತ್ತಗಳಿಂದ ವಿದ್ಯಾರ್ಥಿವೇತನವನ್ನೂ ಅಧ್ಯಾಪಕರ ಸಂಶೋಧನೆಯನ್ನೂ ಮುಂದಾಗಿಯೇ ಯೋಜಿಸುವುದು ಸಾಧ್ಯ. ಹಣದ ಹೊರತಾಗಿ, ಉದ್ಯಮಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ಹೊಸಬರಿಗೆ ಕೆಲಸದ ದಾರಿಯನ್ನು ತೋರಿಸುತ್ತಾರೆ, ತರಗತಿಗೆ ಬಂದು ಅನುಭವವನ್ನು ಹೇಳುತ್ತಾರೆ, ಪಾಠಕ್ರಮವು ಕಾಲಕ್ಕೆ ಹಿಂದುಳಿದಿದ್ದರೆ ಡೀನರಿಗೆ ತಿಳಿಸುತ್ತಾರೆ. ವಾಣಿಜ್ಯಾಡಳಿತವು ಬಳಕೆಯ ವಿದ್ಯೆಯಾದುದರಿಂದ, ಅದನ್ನು ಬಳಸುವವರ ಮಾತಿಗೆ ಇಲ್ಲಿ ವಿಶೇಷವಾದ ಬೆಲೆಯುಂಟು.

ಆದರೆ ಸಲಹೆ ಎಲ್ಲಿ ಮುಗಿದು ಒಡೆತನ ಎಲ್ಲಿ ಮೊದಲಾಗುತ್ತದೆ? ಧರ್ಮದರ್ಶಿಗಳು ೧೯೭೧ರಲ್ಲಿ ಸ್ತ್ರೀಯರಿಗೆ ಕಾಲೇಜಿನ ಪ್ರವೇಶವನ್ನು ತೆರೆಯಲು ನಿರ್ಧರಿಸಿದಾಗ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ವಿರೋಧಿಸಿದರು. ತಾವು ಕಂಡ ಕಾಲೇಜೇ ಎಂದೆಂದಿಗೂ ಇರಬೇಕೆಂಬ ಮಮತೆಯು ಮುಂದಿನ ತಲೆಮಾರಿಗೆ ಅಡ್ಡಿಯಾಗಬಹುದೆಂಬುದಕ್ಕೆ ಇದು ಸಾಕ್ಷಿ. ಇದರ ಇನ್ನೊಂದು ಮುಖವು ೨೦೦೭ರಲ್ಲಿ ಕಂಡುಬಂದಿತು. ಆಗ ಮಂಡಲಿಯಲ್ಲಿ ಹಳೆಯ ವಿದ್ಯಾರ್ಥಿಗಳ ಪ್ರತಿನಿಧಿಗಳು ೮, ಮಂಡಲಿಯೇ ಆರಿಸಿಕೊಂಡವರು ೮ ಇದ್ದರು. ತಾನೇ ಆರಿಸುವ ಇನ್ನೂ ೮ ಮಂದಿಯನ್ನು ಸೇರಿಸಿಕೊಳ್ಳಲು ಮಂಡಲಿಯು ನಿರ್ಧರಿಸಿತು. ೧೮೯೧ರ ಸಮಪಾಲು ಇಲ್ಲವಾಯಿತು. ಹಳೆಯ ವಿದ್ಯಾರ್ಥಿಗಳ ಸಂಘವು ದಾವೆ ಹೂಡಿ, ೧೮೯೧ರ ನಿರ್ಣಯವು ಒಂದು ಒಪ್ಪಂದವೆಂದು ವಾದಿಸಿತು. ೧೮೧೯ರಲ್ಲಿ ಸರ್ಕಾರದ ವಿರುದ್ಧ ಕಾಲೇಜನ್ನು ಕಾಪಾಡಿದ ತತ್ತ್ವವನ್ನು ಈಗ ಕಾಲೇಜಿನ ವಿರುದ್ಧವೇ ಅದರ ಮಕ್ಕಳು ಎತ್ತಿ ಹಿಡಿದರು. ೨೦೦೮ರಲ್ಲಿ ಸಂಘದ ಚುನಾವಣೆಯಲ್ಲಿ ಗೆದ್ದುಬಂದ ಹೊಸ ಕಾರ್ಯಸಮಿತಿಯು ದಾವೆಯನ್ನು ಹಿಂತೆಗೆದುಕೊಂಡುದರಿಂದ ಆ ದಾವೆಯಲ್ಲಿ ಪ್ರಶ್ನೆಯು ಇತ್ಯರ್ಥವಾಗಲಿಲ್ಲ. ಹಳೆಯ ವಿದ್ಯಾರ್ಥಿಗಳೇ ಎರಡು ಪಕ್ಷವಾಗಿದ್ದರೆಂಬುದೂ ಇದರಿಂದ ಸ್ಪಷ್ಟ.

ಈ ಚರಿತ್ರೆಯಿಂದ ಎರಡು ಅಂಶಗಳು ಫಲಿಸುತ್ತವೆ. ಮೊದಲನೆಯದು, ಡಾರ್ಟ್‌ಮತ್‌ನಲ್ಲಿ ಹಕ್ಕು ಮೊದಲು ಬಂದಿತು, ಮಹಾದಾನವು ತರುವಾಯ ಬಂದಿತು. ಒಂದರಿಂದಲೇ ಇನ್ನೊಂದು ಹುಟ್ಟಿತೆಂದು ನಾವು ಹೇಳುವುದಿಲ್ಲ. ಟಕ್‌ನ ದಾನಕ್ಕೆ ಪಿತೃಭಕ್ತಿಯೂ ಸ್ನೇಹವೂ ಕಾರಣಗಳಾಗಿದ್ದವು. ಆದರೂ ಹಳೆಯ ವಿದ್ಯಾರ್ಥಿಯನ್ನು ಹಣದ ಅಗತ್ಯ ಬಿದ್ದಾಗ ಮಾತ್ರ ನೆನೆಯದೆ, ಸಂಸ್ಥೆಯ ಕಷ್ಟಸುಖಗಳಲ್ಲಿ ಪಾಲುಗಾರನನ್ನಾಗಿ ಕಂಡ ಕಡೆಯಲ್ಲಿ ಬೆಂಬಲವು ತಲೆಮಾರುಗಳ ಕಾಲ ನಿಂತಿತೆಂಬುದು ನಿರ್ವಿವಾದ. ಎರಡನೆಯದು, ಹಕ್ಕಿನ ಎಲ್ಲೆಯನ್ನು ಸ್ನೇಹದ ಕಾಲದಲ್ಲಿಯೇ ಸ್ಪಷ್ಟವಾಗಿ ಬರೆದಿಡದಿದ್ದರೆ ವಿರಸದ ಕಾಲದಲ್ಲಿ ಅದನ್ನು ನ್ಯಾಯಾಲಯವು ಅರ್ಥೈಸಬೇಕಾಗುತ್ತದೆ.

ನಮ್ಮ ದೇಶದಲ್ಲಿ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು ೨೦೧೭ರಲ್ಲಿ ಪರಿಷ್ಕರಿಸಿದ ತನ್ನ ಮಾನದಂಡಗಳಲ್ಲಿ ಹಳೆಯ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಯನ್ನೂ ಸೇರಿಸಿತು. ಅದರಿಂದ ಅನೇಕ ಕಾಲೇಜುಗಳಲ್ಲಿ ಸಂಘಗಳು ನೋಂದಣಿಯಾಗಿವೆ, ವರ್ಷಕ್ಕೊಮ್ಮೆ ಸಭೆಗಳು ಸೇರುತ್ತಿವೆ. ಸಭೆಯ ನಡವಳಿಯನ್ನು ಕಡತದಲ್ಲಿ ಸೇರಿಸುವುದು ಸುಲಭ. ಪಾಠಕ್ರಮ, ವಿದ್ಯಾರ್ಥಿವೇತನ, ಉದ್ಯೋಗ ಈ ವಿಷಯಗಳಲ್ಲಿ ಹಳೆಯ ವಿದ್ಯಾರ್ಥಿಗಳ ಮಾತಿಗೆ ಎಷ್ಟು ಸ್ಥಾನ, ಎಲ್ಲಿಯವರೆಗೆ ಸ್ಥಾನ ಎಂಬುದನ್ನು ನಿಶ್ಚಯಿಸುವುದು ಕಷ್ಟದ ಕೆಲಸ. ಡಾರ್ಟ್‌ಮತ್‌ನಂಥ ಸಂಪನ್ನ ಸಂಸ್ಥೆಗೂ ಆ ಕೆಲಸ ನೂರು ವರ್ಷಗಳಲ್ಲಿ ಮುಗಿಯಲಿಲ್ಲ. ಅದನ್ನು ನಾವು ಈಗಲೇ ಕೈಗೆತ್ತಿಕೊಳ್ಳುವುದು ಉಚಿತ.